ಬಣ್ಣದ ಮೀನಿನ ಹವ್ಯಾಸವನ್ನೇ ದುಡಿಮೆ ಮಾಡಿಕೊಳ್ಳಬೇಕೆ? ದಾವಣಗೆರೆ, ಚಿತ್ರದುರ್ಗದವರಿಗೆ ಹಂತ ಹಂತದ ಮಾರ್ಗದರ್ಶಿ

"ಮನೆಯಲ್ಲಿ ಎರಡು ತೊಟ್ಟಿ ಇವೆ, ಮೀನು ಚೆನ್ನಾಗಿ ಸಾಕುತ್ತೇನೆ, ಇದರಲ್ಲೇ ಜೀವನ ಕಟ್ಟಿಕೊಳ್ಳಬಹುದಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಬಹುತೇಕರ ಕಣ್ಣ ಮುಂದಿರುವುದು ಒಂದು ಅಂಗಡಿ: ಗೋಡೆ ತುಂಬ ತೊಟ್ಟಿ, ಮೇಲೊಂದು ಬೋರ್ಡು.

ಜೀವನ ಕಟ್ಟಿಕೊಳ್ಳಬಹುದು. ಆದರೆ ಅಂಗಡಿಯಿಂದ ಶುರು ಮಾಡಬೇಡಿ. ನಮ್ಮಂಥ ಜಿಲ್ಲಾ ಊರುಗಳಲ್ಲಿ ಮೀನು ಮಾರಿ ಬರುವ ದುಡ್ಡಿಗಿಂತ, ಮಾರಿದ ಮೀನು ಬದುಕಿರುವಂತೆ ನೋಡಿಕೊಂಡು ಬರುವ ದುಡ್ಡು ಹೆಚ್ಚು ಗಟ್ಟಿ. ಅಂಗಡಿಯ ಬಾಡಿಗೆ, ಕರೆಂಟ್ ಬಿಲ್ಲು ಮೊದಲ ತಿಂಗಳಿಂದಲೇ ಓಡುತ್ತವೆ, ಗಿರಾಕಿ ಮಾತ್ರ ನಿಧಾನಕ್ಕೆ ಬರುತ್ತಾನೆ. ಇನ್ನೊಂದು ಮಾತು: ಯಾವ ಮೀನಿನ ಕಸುಬು ನಿಮಗೆ ಕೈಹಿಡಿಯುತ್ತದೆ ಎಂಬುದನ್ನು ನಿಮ್ಮ ಇಷ್ಟಕ್ಕಿಂತ ಮೊದಲು ನಿಮ್ಮ ನಲ್ಲಿಯ ನೀರು ನಿರ್ಧರಿಸುತ್ತದೆ. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಹಂತ 1: ನಿಮ್ಮ ನೀರನ್ನು ಅಳೆಯಿರಿ

ನಾಲ್ಕು ಸಾಮಾನು ಬೇಕು. ಟಿಡಿಎಸ್ ಮೀಟರ್, ಪಿಎಚ್ ಹನಿ ಪರೀಕ್ಷೆಯ ಕಿಟ್, ಗಡಸುತನ ಅಳೆಯುವ ಜಿಎಚ್–ಕೆಎಚ್ ಕಿಟ್, ಅಮೋನಿಯಾ ಕಿಟ್. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಜಿಎಚ್ ಎಂದರೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕೆಎಚ್ ಎಂದರೆ ಕಾರ್ಬೊನೇಟ್ ಅಂಶ. ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಎಂಬ ಅಳತೆ, ಏರಿಳಿಯದಂತೆ ಹಿಡಿದಿಡುವುದು ಇದೇ. ಟಿಡಿಎಸ್ ಮೀಟರ್ ಒಂದನ್ನೇ ನಂಬಿ ಕೂರಬೇಡಿ. ಎರಡು ನೀರಿನ ಟಿಡಿಎಸ್ ಒಂದೇ ಇದ್ದರೂ ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಸುಣ್ಣದ ಅಂಶ ಹೆಚ್ಚಿರಬಹುದು, ಮೀನಿಗೆ ಆ ಎರಡೂ ಒಂದೇ ಅಲ್ಲ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಒಂದೇ ಮನೆಗೆ ಎರಡು ಬಗೆಯ ನೀರು ಬರುವುದು ಸಾಮಾನ್ಯ. ದಾವಣಗೆರೆ ನಗರದ ನಲ್ಲಿ ನೀರಿನ ಮೂಲ ತುಂಗಭದ್ರಾ ನದಿ, ಜೊತೆಗೆ ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆ. ಚಿತ್ರದುರ್ಗಕ್ಕೆ ಬರುವುದು ಚನ್ನಗಿರಿ ಕಡೆಯ ಶಾಂತಿಸಾಗರ (ಸೂಳೆಕೆರೆ) ಮತ್ತು ಹಿರಿಯೂರಿನ ವಾಣಿವಿಲಾಸ ಸಾಗರದ ನೀರು. ಇವು ಮೇಲ್ನೀರು, ಬೋರಿನ ನೀರಿಗಿಂತ ಮೆದು. ಬೋರಿನದು ಗಡಸು, ಅದರಲ್ಲೂ ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆ ಟಿಡಿಎಸ್ ಸಾವಿರ ದಾಟಿರುವ ಬೋರುಗಳು ಸಿಗುತ್ತವೆ. ನಲ್ಲಿ ನೀರನ್ನು ಬೇರೆ, ಬೋರ್ ನೀರನ್ನು ಬೇರೆ, ಸಂಪಿನ ನೀರನ್ನು ಬೇರೆ ಅಳೆಯಿರಿ. ಮಳೆಗಾಲದಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆದು ಬರೆದಿಡಿ. ಹೊಸ ಸಿಮೆಂಟ್ ಸಂಪು ಸುಣ್ಣ ಬಿಡುವುದರಿಂದ ಅದರ ನೀರಿನ ಪಿಎಚ್ ಮೇಲಿರುತ್ತದೆ ಎಂಬುದೂ ನೆನಪಿರಲಿ.

ಅಳತೆ ಕೈಗೆ ಬಂದ ಮೇಲೆ ಲೆಕ್ಕ ಸರಳ. ಟಿಡಿಎಸ್ 300ರ ಒಳಗಿದ್ದರೆ ಟೆಟ್ರಾ, ಏಂಜಲ್, ಕೋರಿಡೋರಸ್, ಗಿಡಗಳ ತೊಟ್ಟಿ ಎಲ್ಲವನ್ನೂ ಯೋಚಿಸಬಹುದು. 300ರಿಂದ 700ರವರೆಗೆ ಗೋಲ್ಡ್ ಫಿಶ್, ಕೋಯಿ, ಬಾರ್ಬ್, ಗೌರಾಮಿ ಹಾಯಾಗಿರುತ್ತವೆ. 700 ದಾಟಿ ಪಿಎಚ್ 7.5ರಿಂದ 8.5ರ ನಡುವೆ ಇದ್ದರೆ ಬೇಸರ ಪಡಬೇಡಿ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಬೇಕಾದದ್ದೇ ಗಡಸು ನೀರು. ಬೇರೆಯವರು ಹರಳು, ಲವಣ ಸುರಿದು ಗಡಸು ಮಾಡಿಕೊಳ್ಳುವ ನೀರು ನಿಮಗೆ ಬೋರಿನಲ್ಲಿ ಹಾಗೇ ಬರುತ್ತಿದೆ.

ಇಲ್ಲಿ ಎಡವುವ ಜಾಗ ಒಂದಿದೆ. "ಆರ್‌ಒ ಹಾಕಿ ನೀರು ಮೆದು ಮಾಡಿ ಡಿಸ್ಕಸ್ ಮೀನು ಸಾಕುತ್ತೇನೆ" ಎನ್ನುವವರು ಲೆಕ್ಕ ಹಾಕಿ ನೋಡಲಿ. 1200 ಟಿಡಿಎಸ್‌ನ ಬೋರ್ ನೀರು 20 ಲೀಟರ್‌ಗೆ 50 ಟಿಡಿಎಸ್‌ನ ಆರ್‌ಒ ನೀರು 80 ಲೀಟರ್ ಬೆರೆಸಿದರೆ 280 ಆಗುತ್ತದೆ. ಆ 80 ಲೀಟರ್ ತೆಗೆಯಲು ಮನೆಯ ಆರ್‌ಒ ಯಂತ್ರ ಅದರ ಎರಡು ಮೂರು ಪಟ್ಟು ನೀರನ್ನು ಹೊರಗೆ ಬಿಡುತ್ತದೆ. ಒಂದು ತೊಟ್ಟಿಯ ಹವ್ಯಾಸಕ್ಕೆ ಸರಿ. ಇಪ್ಪತ್ತು ತೊಟ್ಟಿಯ ಕಸುಬಿಗೆ, ಅದೂ ಬಯಲುಸೀಮೆಯಲ್ಲಿ, ಇದು ನಡೆಯುವ ದಾರಿಯಲ್ಲ. ಬರೀ ಆರ್‌ಒ ನೀರಿನಲ್ಲಂತೂ ಮೀನು ಬಿಡಲೇಬೇಡಿ. ಅದರಲ್ಲಿ ಕೆಎಚ್ ಇಲ್ಲದ ಕಾರಣ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಹುದು.

ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಅನ್ನು ಕಳೆಯಲು ಅಗಲ ಬಾಯಿಯ ಡ್ರಮ್ಮಿನಲ್ಲಿ ಏರ್ ಪಂಪ್ ಹಾಕಿ 24 ಗಂಟೆ ಬಿಡಿ. ತುರ್ತಿಗೆ ಸೋಡಿಯಂ ಥಯೋಸಲ್ಫೇಟ್ ಹರಳು ಬಳಸಿ: 100 ಲೀಟರ್‌ಗೆ 1 ಗ್ರಾಂ. ಸುಲಭಕ್ಕೆ 100 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ದ್ರಾವಣ ಮಾಡಿಟ್ಟರೆ, 20 ಲೀಟರ್ ಬಕೆಟ್‌ಗೆ 2 ಮಿಲಿಲೀಟರ್ ಸಾಕು. ಮೊದಲ ಮಳೆ ಬಿದ್ದು ಕೆಂಪು ನೀರು ಬರುವ ವಾರಗಳಲ್ಲಿ ನೀರಿಗೆ ಬ್ಲೀಚಿಂಗ್ ಹೆಚ್ಚು ಬೀಳುತ್ತದೆ. ಮೂಗಿಗೆ ವಾಸನೆ ಬಡಿದರೆ ಥಯೋಸಲ್ಫೇಟ್ ಪ್ರಮಾಣವನ್ನು ಎರಡು ಪಟ್ಟು ಮಾಡಿ.

ಹಂತ 2: ಆರು ತಿಂಗಳು ಸ್ವಂತ ತೊಟ್ಟಿಯಲ್ಲಿ ಕೈ ಪಳಗಿಸಿ

ಮೂರು ತೊಟ್ಟಿ ಇಡಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು ಸಾಕು, ಅದರಲ್ಲಿ ಸುಮಾರು 56 ಲೀಟರ್ ಹಿಡಿಯುತ್ತದೆ. ಒಂದರಲ್ಲಿ ಗಿಡಗಳು, ಒಂದರಲ್ಲಿ ಮರಿ ಹಾಕುವ ಮೀನು. ಮೂರನೆಯದು ಹೊಸ ಮೀನು ಬಂದಾಗ ಪ್ರತ್ಯೇಕವಾಗಿಡುವ ತೊಟ್ಟಿ. ಅದಕ್ಕೇ ಕ್ವಾರಂಟೈನ್ ತೊಟ್ಟಿ ಎನ್ನುತ್ತಾರೆ.

ಈ ಆರು ತಿಂಗಳಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ "ಸೈಕ್ಲಿಂಗ್". ಮೀನಿನ ಹಿಕ್ಕೆ, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರ್‌ನ ಸ್ಪಾಂಜಿನಲ್ಲಿ ನೆಲೆಸುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ. ಕೊನೆಯದು ಅಷ್ಟು ಅಪಾಯಕಾರಿಯಲ್ಲ, ವಾರ ವಾರ ನೀರು ಬದಲಿಸಿ ಕಡಿಮೆ ಮಾಡಬಹುದು. ಈ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಅಷ್ಟು ದಿನ ಮೀನು ಬಿಡದೆ, ಚಿಟಿಕೆ ತಿಂಡಿ ಹಾಕುತ್ತಾ, ದಿನ ಬಿಟ್ಟು ದಿನ ಪರೀಕ್ಷಿಸಿ (ಇದಕ್ಕೆ ನೈಟ್ರೈಟ್, ನೈಟ್ರೇಟ್ ಕಿಟ್‌ಗಳೂ ಬೇಕು). ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಕಾಣಿಸಿಕೊಂಡಿದೆ ಎಂದರೆ ತೊಟ್ಟಿ ಸಿದ್ಧ. ಹಳೆಯ ತೊಟ್ಟಿಯ ಸ್ಪಾಂಜ್ ತಂದು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಆ ತೊಟ್ಟಿಯಲ್ಲಿ ರೋಗವಿಲ್ಲ ಎಂದು ಖಾತ್ರಿಯಿದ್ದರೆ ಮಾತ್ರ ತನ್ನಿ.

ಗಡಸು ನೀರಿನವರು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು, ಕಾರಣ ಇದೆ. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ಕಿವಿರು ಸುಡುವ ಭಾಗ ಪಿಎಚ್ 7ರಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಪಿಎಚ್ 8ರಲ್ಲಿ ಅದು ನೂರಕ್ಕೆ ಐದಾರು. ಬೋರ್ ನೀರಿನಲ್ಲಿ ಒಂದು ದಿನ ತಿಂಡಿ ಹೆಚ್ಚಾದರೂ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುವುದು ಇದಕ್ಕೇ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಉಷ್ಣಾಂಶ, ಪರೀಕ್ಷೆಯ ಫಲ, ಸತ್ತ ಮೀನು, ಸಾವಿನ ಕಾರಣ. ಕೊನೆಯ ಕಾಲಂ ಮುಖ್ಯ. ಸತತ ಮೂರು ತಿಂಗಳು "ಕಾರಣ ಗೊತ್ತಾಗಲಿಲ್ಲ" ಎಂದು ಒಮ್ಮೆಯೂ ಬರೆಯಬೇಕಾಗಿ ಬರಲಿಲ್ಲ ಎಂದರೆ ಬೇರೆಯವರ ತೊಟ್ಟಿಗೆ ಕೈ ಹಾಕುವ ಅರ್ಹತೆ ಬಂತು.

ಹಂತ 3: ತೊಟ್ಟಿ ನಿರ್ವಹಣೆಯ ಸೇವೆಯಿಂದ ದುಡಿಮೆ ಶುರು ಮಾಡಿ

ದಂತ ವೈದ್ಯರ ಕ್ಲಿನಿಕ್ಕು, ಹೋಟೆಲು, ಬಟ್ಟೆ ಅಂಗಡಿ, ಶಾಲೆಯ ಆಫೀಸು, ಹೊಸ ಬಡಾವಣೆಗಳ ಮನೆ, ಎಲ್ಲೆಡೆ ತೊಟ್ಟಿ ಇದೆ. ಅರ್ಧಕ್ಕರ್ಧ ಪಾಚಿ ಕಟ್ಟಿ ನಿಂತಿವೆ, ಇಲ್ಲವೇ ಖಾಲಿಯಾಗಿ ಮೂಲೆ ಸೇರಿವೆ. ಮಾಲೀಕರಿಗೆ ಮೀನು ಬೇಕು, ಅದರ ಹಿಂದೆ ಓಡಾಡಲು ಪುರುಸೊತ್ತಿಲ್ಲ. ನಿಮ್ಮ ಮೊದಲ ಗಿರಾಕಿಗಳು ಇವರೇ. ಬಂಡವಾಳವೂ ಒಂದು ಚೀಲದಲ್ಲಿ ಹಿಡಿಯುವಷ್ಟೇ.

ಚೀಲದಲ್ಲಿ ಇರಬೇಕಾದ್ದು: ಜಲ್ಲಿಯ ಕೊಳೆ ಎಳೆಯುವ ಸೈಫನ್ ಪೈಪು, ಲೀಟರ್ ಗುರುತು ಹಾಕಿದ ಎರಡು 20 ಲೀಟರ್ ಬಕೆಟ್, ಗಾಜಿನ ಪಾಚಿ ಕೆರೆಯಲು ಹಳೆಯ ಎಟಿಎಂ ಕಾರ್ಡು, ಟಿಡಿಎಸ್ ಮೀಟರ್, ಪಿಎಚ್ ಮತ್ತು ಅಮೋನಿಯಾ ಕಿಟ್, ಥಯೋಸಲ್ಫೇಟ್ ದ್ರಾವಣ, ಥರ್ಮಾಮೀಟರ್, ಒಂದು ಹೆಚ್ಚುವರಿ ಏರ್ ಪಂಪ್, ಪೈಪು, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್, ನಾಲ್ಕು ಟವೆಲ್ಲು. ಬಲೆಯನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಹಾಗೇ ಒಯ್ಯಬೇಡಿ. ಗಿರಾಕಿಗೊಂದು ಬಲೆ ಅವರ ಮನೆಯಲ್ಲೇ ಇರಲಿ. ಊರೆಲ್ಲ ಬಿಳಿ ಚುಕ್ಕೆ ರೋಗ ಹರಡುವ ಕೆಲಸ ಒದ್ದೆ ಬಲೆಯಿಂದಲೇ ಆಗುತ್ತದೆ.

ಕೆಲಸದ ಕ್ರಮ ಹೀಗಿರಲಿ:

1. ಬಂದ ತಕ್ಷಣ ಮೀನು ಎಣಿಸಿ, ಉಷ್ಣಾಂಶ ನೋಡಿ, ಅಮೋನಿಯಾ ಪರೀಕ್ಷಿಸಿ. ಕೆಲಸ ಮುಗಿದ ಮೇಲೆ ಮೀನು ಸತ್ತರೆ ಕೇಳುವುದು ನಿಮ್ಮನ್ನೇ, ಆದ್ದರಿಂದ ಮೊದಲ ಸ್ಥಿತಿಯನ್ನು ಮಾಲೀಕರಿಗೆ ತೋರಿಸಿಯೇ ಕೈ ಹಾಕಿ.
2. ಹೀಟರ್ ಮತ್ತು ಫಿಲ್ಟರ್ ಆಫ್ ಮಾಡಿ. ಹೀಟರ್ ಆರಲು 15 ನಿಮಿಷ ಕೊಡಿ. ಬಿಸಿಯಿರುವಾಗ ನೀರು ಕೆಳಗಿಳಿದರೆ ಅದರ ಗಾಜು ಸಿಡಿಯುತ್ತದೆ. ವಿದ್ಯುತ್ ಸಂಪರ್ಕವಿರುವಾಗ ತೊಟ್ಟಿಗೆ ಕೈ ಹಾಕಲೇಬೇಡಿ. ಪಾಯಿಂಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಲು ಮಾಲೀಕರಿಗೆ ಹೇಳಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರುವಂತಿರಲಿ, ಆಗ ವೈರಿನ ಮೇಲೆ ಜಾರುವ ನೀರು ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ.
3. ಗಾಜು ಕೆರೆಯಿರಿ. ಆಮೇಲೆ ಜಲ್ಲಿಯ ಅರ್ಧ ಭಾಗವನ್ನಷ್ಟೇ ಸೈಫನ್ ಮಾಡಿ. ಉಳಿದರ್ಧ ಮುಂದಿನ ಭೇಟಿಗೆ.
4. ನೂರಕ್ಕೆ 25ರಿಂದ 30 ಭಾಗ ನೀರು ತೆಗೆಯಿರಿ, ಅದಕ್ಕಿಂತ ಹೆಚ್ಚು ಬೇಡ.
5. ಫಿಲ್ಟರ್ ಸ್ಪಾಂಜನ್ನು ಈಗ ತೆಗೆದ ಅದೇ ಕೊಳೆ ನೀರಿನಲ್ಲಿ ಹಿಂಡಿ. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ತಗುಲಿ ಬ್ಯಾಕ್ಟೀರಿಯಾ ಸಾಯುತ್ತವೆ, ನಾಲ್ಕನೇ ದಿನ ತೊಟ್ಟಿ ಹಾಲಿನಂತೆ ಮಬ್ಬಾಗುತ್ತದೆ.
6. ಕ್ಲೋರಿನ್ ಕಳೆದ, ತೊಟ್ಟಿಯ ನೀರಿಗಿಂತ 2 ಡಿಗ್ರಿಗೂ ಹೆಚ್ಚು ವ್ಯತ್ಯಾಸವಿಲ್ಲದ ನೀರನ್ನು ನಿಧಾನ ಹಾಕಿ. ಫಿಲ್ಟರ್ ಓಡುತ್ತಿದೆ ಎಂದು ಕಣ್ಣಾರೆ ನೋಡಿಯೇ ಹೊರಡಿ.

"ನೀರೆಲ್ಲ ತೆಗೆದು ತೊಳೆದುಬಿಡಿ, ಫಳಫಳ ಹೊಳೀಬೇಕು" ಎಂದು ಗಿರಾಕಿ ಹೇಳುತ್ತಾರೆ. ಮಣಿಯಬೇಡಿ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಟಿಡಿಎಸ್ ಏರಿರುತ್ತದೆ, ಪಿಎಚ್ ಇಳಿದಿರುತ್ತದೆ, ಮೀನು ಅದಕ್ಕೇ ಹೊಂದಿಕೊಂಡಿರುತ್ತದೆ. ಒಮ್ಮೆಗೇ ಹೊಸ ನೀರು ಸುರಿದರೆ ಆ ಏರುಪೇರಿಗೇ ಸಾಯುತ್ತದೆ. ಅಂಥ ತೊಟ್ಟಿಯನ್ನು ಮೂರು ದಿನಕ್ಕೊಮ್ಮೆ ನೂರಕ್ಕೆ 10 ಭಾಗದಂತೆ ಬದಲಿಸುತ್ತಾ ಎರಡು ಮೂರು ವಾರದಲ್ಲಿ ಸರಿದಾರಿಗೆ ತರಬೇಕು. ಗುಂಡು ಬೌಲಿನಲ್ಲಿ ಗೋಲ್ಡ್ ಫಿಶ್ ಸಾಕಿಕೊಡಿ ಎಂದವರಿಗೂ "ಆಗಲ್ಲ" ಎನ್ನಿ. ಬೇಗ ಸಾಯುವ ಮೀನಿನ ಜೊತೆ ನಿಮ್ಮ ಹೆಸರೂ ಹೋಗುತ್ತದೆ.

ತಿಂಡಿ ಹೆಚ್ಚು ಹಾಕುವುದು ಕ್ಲಿನಿಕ್, ಅಂಗಡಿಗಳ ದೊಡ್ಡ ಕಾಯಿಲೆ. ಬೆಳಿಗ್ಗೆ ಕಸ ಗುಡಿಸುವವರು ಒಮ್ಮೆ, ರಿಸೆಪ್ಷನ್‌ನವರು ಒಮ್ಮೆ, ಬಂದವರ ಮಕ್ಕಳು ಇನ್ನೊಮ್ಮೆ. ಸಣ್ಣ ಪೊಟ್ಟಣಗಳಲ್ಲಿ ದಿನದ ತಿಂಡಿ ಅಳೆದು, ಮೇಲೆ ವಾರದ ಹೆಸರು ಬರೆದುಕೊಟ್ಟು, ಡಬ್ಬಿಯನ್ನು ಒಳಗಿಡಿಸಿ. ಈ ಒಂದು ಕೆಲಸದಿಂದಲೇ ನಿಮ್ಮ ತುರ್ತು ಫೋನ್ ಕರೆಗಳು ಅರ್ಧ ಇಳಿಯುತ್ತವೆ.

ದರವನ್ನು ತೊಟ್ಟಿಯ ಉದ್ದದ ಮೇಲಲ್ಲ, ನಿಮ್ಮ ಸಮಯದ ಮೇಲೆ ಕಟ್ಟಿ. ಲೆಕ್ಕಕ್ಕೆ ಒಂದು ಮಾದರಿ: ಒಂದು ಭೇಟಿಗೆ ಓಡಾಟ ಸೇರಿ ಒಂದೂವರೆ ಗಂಟೆ, ಗಿರಾಕಿಗೆ ತಿಂಗಳಿಗೆ ಎರಡು ಭೇಟಿ, ಗಿರಾಕಿಗಳು 40. ಅಂದರೆ ತಿಂಗಳಿಗೆ 80 ಭೇಟಿ, 120 ಗಂಟೆ. ಭೇಟಿಗೆ 400 ರೂಪಾಯಿ ಎಂದಿಟ್ಟುಕೊಂಡರೆ 32,000 ರೂಪಾಯಿ. ಇದರಲ್ಲಿ ಪೆಟ್ರೋಲು, ಕಿಟ್ಟು, ಹಾಳಾಗುವ ಪೈಪು–ಪಂಪುಗಳ ಖರ್ಚು ಕಳೆಯಿರಿ. ನಿಮ್ಮ ಬಡಾವಣೆಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕದ ರೀತಿ ಇದೇ. ಒಂದೇ ದಿಕ್ಕಿನ ಗಿರಾಕಿಗಳನ್ನು ಒಂದೇ ದಿನಕ್ಕೆ ಹಾಕಿಕೊಳ್ಳದಿದ್ದರೆ ಲಾಭವೆಲ್ಲ ರಸ್ತೆಯಲ್ಲೇ ಹೋಗುತ್ತದೆ.

ಒಂದು ಹಾಳೆಯ ಒಪ್ಪಂದ ಬರೆಸಿಕೊಳ್ಳಿ. ಎಷ್ಟು ಭೇಟಿ, ಏನೇನು ಸೇರಿದೆ, ಔಷಧಿಗೆ ಬೇರೆ ದುಡ್ಡೇ, ಗಿರಾಕಿ ತಾನೇ ಹೊಸ ಮೀನು ತಂದು ಬಿಟ್ಟರೆ ಹೊಣೆ ಯಾರದು. ಜಗಳಗಳ ಮೂಲ ಈ ಕೊನೆಯ ಸಾಲು.

ತೊಟ್ಟಿ ಕೂರಿಸಿಕೊಡುವ ಕೆಲಸವೂ ಇದರ ಬೆನ್ನಿಗೇ ಬರುತ್ತದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ 10 ಮಿಲಿಮೀಟರ್ ಗಾಜು ಬೇಕು. ಅದರಲ್ಲಿ 255 ಲೀಟರ್ ನೀರು ಹಿಡಿಯುತ್ತದೆ. ಗಾಜು, ಜಲ್ಲಿ ಸೇರಿದರೆ ಭಾರ 300 ಕಿಲೋ ದಾಟುತ್ತದೆ, ಟಿವಿ ಸ್ಟ್ಯಾಂಡಿನ ಮೇಲೆ ಇಡುವ ವಸ್ತುವಲ್ಲ. ಕೆಳಗೆ ಫೋಮ್ ಶೀಟ್ ಹಾಸಿ, ಮಟ್ಟಗೋಲಿನಿಂದ ನಾಲ್ಕೂ ಕಡೆ ನೋಡಿ. ಹೊಸದಾಗಿ ಅಂಟಿಸಿದ ತೊಟ್ಟಿಯನ್ನು 48 ಗಂಟೆ ಒಣಗಲು ಬಿಟ್ಟು, ನೀರು ತುಂಬಿಸಿ ಎರಡು ದಿನ ನಿಮ್ಮ ಮನೆಯಲ್ಲೇ ಸೋರಿಕೆ ನೋಡಿದ ಮೇಲೆ ಗಿರಾಕಿಗೆ ಕೊಡಿ.

ಹಂತ 4: ಜಾಗವಿದ್ದರೆ ಮರಿ ಸಾಕಣೆ

ಊರ ಹೊರಗೆ 10 ಅಡಿಗೆ 20 ಅಡಿ ಜಾಗ, ಬೋರ್ ನೀರು, ಎರಡೂ ಇದ್ದರೆ ಗಡಸು ನೀರಿನ ಮೀನುಗಳ ಸಾಕಣೆಗೆ ಇಳಿಯಬಹುದು. ಮೊದಲಿಗೆ ಮೋಲಿ ಮತ್ತು ಪ್ಲಾಟಿ, ಕೈ ಕುದುರಿದ ಮೇಲೆ ಗಪ್ಪಿ. ಇವು ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ಮೀನುಗಳು.

ಸಿಮೆಂಟ್ ತೊಟ್ಟಿ 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರ ಇರಲಿ. ಒಂದೂವರೆ ಅಡಿ ನೀರು ನಿಲ್ಲಿಸಿದರೆ ಸುಮಾರು 1,000 ಲೀಟರ್. ಹೊಸ ಸಿಮೆಂಟಿನ ಸುಣ್ಣ ಮೀನನ್ನು ಕೊಲ್ಲುತ್ತದೆ. ನೀರು ತುಂಬಿಸಿ, ಸೀಳಿದ ಬಾಳೆದಿಂಡು ಹಾಕಿ ಒಂದು ವಾರ ಕೊಳೆಯಲು ಬಿಟ್ಟು, ಚೆಲ್ಲಿ, ಉಜ್ಜಿ ತೊಳೆಯಿರಿ. ಹೀಗೆ ಎರಡು ಮೂರು ಸಲ ಮಾಡಿ. ಕೊನೆಯ ಸಲ ತುಂಬಿಸಿದ ನೀರಿನ ಪಿಎಚ್ ಮೂರು ದಿನ ಕಳೆದರೂ ಬೋರ್ ನೀರಿನಷ್ಟೇ ಇದ್ದರೆ ಮೀನು ಬಿಡಬಹುದು. ಮೇಲೆ ನೂರಕ್ಕೆ 75ರಷ್ಟು ಬಿಸಿಲು ತಡೆಯುವ ನೆರಳು ಬಲೆ ಕಟ್ಟಿ. ತೊಟ್ಟಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಬೇರೆಯೇ ಬೇಕು. ಮಿಂಚುಳ್ಳಿ ಮೀನು ಒಯ್ಯುವುದು ನಿಮಗೆ ಕಾಣುತ್ತದೆ. ಏರೋಪ್ಲೇನ್ ಚಿಟ್ಟೆ ನೀರಿನಲ್ಲಿ ಮೊಟ್ಟೆ ಇಟ್ಟು, ಅದರ ಮರಿಹುಳು ತಳದಲ್ಲಿ ಕೂತು ಮೀನಿನ ಮರಿಗಳನ್ನು ಒಂದೊಂದಾಗಿ ತಿನ್ನುವುದು ಕಾಣುವುದಿಲ್ಲ. "ಮರಿ ಹಾಕಿತ್ತು, ಎಲ್ಲಿ ಹೋದವೋ" ಎನ್ನುವ ತೊಟ್ಟಿಗಳ ತಳ ಜಾಲಾಡಿದರೆ ಈ ಹುಳು ಸಿಗುತ್ತದೆ.

ಒಂದು ತೊಟ್ಟಿಗೆ 10 ಗಂಡು, 30 ಹೆಣ್ಣು ಮೋಲಿ ಬಿಡಿ. ಲೀಟರ್‌ಗೆ 1ರಿಂದ 2 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿದರೆ ಮೋಲಿಗೆ ಒಳ್ಳೆಯದು. ತಾಯಿಯೇ ಮರಿ ತಿನ್ನುವುದರಿಂದ ತೊಟ್ಟಿಯ ಮೂರನೇ ಒಂದು ಭಾಗ ನೀರುಗಿಡ ತುಂಬಿರಲಿ. ದಿನಾ ಬೆಳಿಗ್ಗೆ ಗಿಡದ ಕೆಳಗಿನಿಂದ ಮರಿ ಎತ್ತಿ ಬೇರೆ ತೊಟ್ಟಿಗೆ ಹಾಕಿ. ಏರೇಷನ್ (ಪಂಪಿನಿಂದ ನೀರಿಗೆ ಗಾಳಿ ಊದುವುದು) ಇರುವ 1,000 ಲೀಟರ್ ತೊಟ್ಟಿಯಲ್ಲಿ ಒಂದು ಇಂಚಿನ 300ರಿಂದ 400 ಮರಿ ಆರಾಮಾಗಿ ಬೆಳೆಯುತ್ತವೆ. ಆಸೆಪಟ್ಟು ಸಾವಿರ ತುಂಬಿಸಿದರೆ ಬೆಳವಣಿಗೆ ನಿಲ್ಲುತ್ತದೆ, ಆಮೇಲೆ ರೋಗ ಹೊಗುತ್ತದೆ. ಮರಿಗಳಿಗೆ ಮೊದಲ ಎರಡು ವಾರ ಆಗಷ್ಟೇ ಒಡೆದ ಆರ್ಟೀಮಿಯಾ ಕೊಡಿ. ಆರ್ಟೀಮಿಯಾ ಎಂದರೆ ಒಣ ಮೊಟ್ಟೆಯ ರೂಪದಲ್ಲಿ ಸಿಗುವ ಸೂಕ್ಷ್ಮ ಸಿಗಡಿ. 1 ಲೀಟರ್ ನೀರಿಗೆ 25 ಗ್ರಾಂ ಉಪ್ಪು, 1ರಿಂದ 2 ಗ್ರಾಂ ಮೊಟ್ಟೆ, 28 ಡಿಗ್ರಿ ಶಾಖ, ಬೆಳಕು, ಜೋರು ಗಾಳಿ ಇದ್ದರೆ 24 ಗಂಟೆಯಲ್ಲಿ ಒಡೆಯುತ್ತದೆ. ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಅದನ್ನು ಬಿಟ್ಟು ಕೆಳಗಿನ ಕಿತ್ತಳೆ ಬಣ್ಣದ ಪದರವನ್ನಷ್ಟೇ ಸೋಸಿಕೊಳ್ಳಿ, ಸಿಪ್ಪೆ ಹೊಟ್ಟೆಗೆ ಹೋದರೆ ಮರಿಯ ಕರುಳು ಕಟ್ಟಿಕೊಳ್ಳಬಹುದು. ಮೂರು ನಾಲ್ಕು ತಿಂಗಳಿಗೆ ಮೀನು ಮಾರಾಟದ ಗಾತ್ರಕ್ಕೆ ಬರುತ್ತದೆ.

ಸಗಟು ಕೊಳ್ಳುವವರಿಗೆ ಬೇಕಾದ್ದು ಒಂದೇ ಬಣ್ಣ, ಒಂದೇ ಅಳತೆಯ ನೂರಾರು ಮೀನು. ಹತ್ತು ಜಾತಿ ಸ್ವಲ್ಪ ಸ್ವಲ್ಪ ಸಾಕಿದವರ ಮಾಲು ಅಲ್ಲಿ ನಿಲ್ಲುವುದಿಲ್ಲ. ಗಪ್ಪಿಯಲ್ಲಂತೂ ತಳಿಯೇ ಬೆಲೆ. ಬೆರಕೆ ಗಪ್ಪಿಗೆ ಕಿಮ್ಮತ್ತಿಲ್ಲ. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕುತ್ತದೆ. ಆದ್ದರಿಂದ ಮೂರು ನಾಲ್ಕು ವಾರದೊಳಗೆ ಗಂಡು ಹೆಣ್ಣು ಬೇರ್ಪಡಿಸಲೇಬೇಕು. ಗಂಡಿನ ಹೊಟ್ಟೆಯಡಿಯ ಹಿಂದಿನ ರೆಕ್ಕೆ ಕಡ್ಡಿಯಂತೆ ಚೂಪಾಗತೊಡಗುತ್ತದೆ, ಹೆಣ್ಣಿನದು ಬೀಸಣಿಗೆಯಂತೆ ಉಳಿದು ಅದರ ಹತ್ತಿರ ಕಪ್ಪು ಮಚ್ಚೆ ಮೂಡುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಒಂದೇ ತಳಿಯನ್ನು ಎರಡು ಸಾಲಾಗಿ ಬೇರೆ ಬೇರೆ ಬೆಳೆಸಿ, ಮೂರು ನಾಲ್ಕು ತಲೆಮಾರಿಗೊಮ್ಮೆ ಒಂದು ಸಾಲಿನ ಗಂಡನ್ನು ಇನ್ನೊಂದಕ್ಕೆ ಕೊಡಿ. ಇಲ್ಲದಿದ್ದರೆ ಬೆನ್ನು ಬಾಗಿದ, ಬಾಲ ಕುಗ್ಗಿದ ಮರಿಗಳು ಹೆಚ್ಚುತ್ತವೆ.

ಭದ್ರಾ ನಾಲೆಯ ಬಯಲಿನವರಿಗೆ ಒಂದು ಮಾತು. ನಾಲೆ ನೀರನ್ನೋ ಗದ್ದೆಯ ಬಸಿ ನೀರನ್ನೋ ನೇರವಾಗಿ ತೊಟ್ಟಿಗೆ ಹಾಯಿಸಬೇಡಿ. ಭತ್ತಕ್ಕೆ ಹೊಡೆದ ಕೀಟನಾಶಕ ಅದರಲ್ಲಿರುತ್ತದೆ. ಪಕ್ಕದ ಗದ್ದೆ, ತೋಟಕ್ಕೆ ಔಷಧಿ ಹೊಡೆಯುವ ದಿನ ಮುಂಚೆ ಕೇಳಿಕೊಂಡು ತೊಟ್ಟಿ ಮುಚ್ಚಿ. ಮನೆಯೊಳಗೂ ಅಷ್ಟೇ, ಸೊಳ್ಳೆ ಸ್ಪ್ರೇ ಹೊಡೆದ ಕೋಣೆಯ ಗಾಳಿಯನ್ನೇ ಏರ್ ಪಂಪ್ ಎಳೆದು ನೀರಿಗೆ ಬಿಡುತ್ತದೆ.

ಮಾರಾಟವಾಗದ, ಅಂಗವಿಕಲ ಮೀನನ್ನು ಕುಂದುವಾಡ ಕೆರೆಗೋ ಸೂಳೆಕೆರೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎಂದುಕೊಳ್ಳಬೇಡಿ. ಸಕರ್ ಮೀನಿನಂಥ ಹೊರನಾಡ ಜಾತಿಗಳು ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ನೆಲೆಯೂರಿ ಅಲ್ಲಿನ ಮೀನುಗಳ ಜಾಗ ಕಸಿದಿವೆ, ಮೀನುಗಾರರ ಬಲೆ ಹರಿದಿವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲೇ ನಿಷೇಧವಿದೆ. ನಕ್ಷತ್ರ ಆಮೆ, ನಮ್ಮ ಕೆರೆಗಳ ಆಮೆ ತಂದುಕೊಡಿ ಎಂದು ಕೇಳುವವರಿಗೆ ಸ್ಪಷ್ಟವಾಗಿ ಇಲ್ಲ ಎನ್ನಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಹಂತ 5: ಮೀನು ತರಿಸುವಾಗ, ಕಳಿಸುವಾಗ

ಬೆಂಗಳೂರು ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಹೆದ್ದಾರಿ 48ರಲ್ಲಿ ಒಂದು ರಾತ್ರಿಯೊಳಗೆ ಮಾಲು ಬಂದು ಹೋಗುತ್ತದೆ. ಚೆನ್ನೈನ ಕೊಳತ್ತೂರಿನಂಥ ಸಗಟು ಕೇಂದ್ರಗಳಿಂದ ಬರುವ ಮೀನಿನ ಚೀಲ ಇನ್ನೂ ಹೆಚ್ಚು ಹೊತ್ತು ಮುಚ್ಚಿರುತ್ತದೆ. ಈ ವ್ಯತ್ಯಾಸ ಮುಖ್ಯ.

ಒಂದೆರಡು ಗಂಟೆ ಮುಚ್ಚಿದ್ದ ಚೀಲವಾದರೆ 20 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಸಿ, ಆಮೇಲೆ ಸಣ್ಣ ಪೈಪಿನಿಂದ ಹನಿಹನಿಯಾಗಿ ನಿಮ್ಮ ನೀರು ಬೆರೆಸುತ್ತಾ ಒಂದು ಗಂಟೆ ಹೊಂದಿಸಿ. ಇಪ್ಪತ್ತು ಗಂಟೆ ಮುಚ್ಚಿದ್ದ ಚೀಲಕ್ಕೆ ಹೀಗೆ ಮಾಡಬೇಡಿ. ಅದರಲ್ಲಿ ಅಮೋನಿಯಾ ತುಂಬಿರುತ್ತದೆ, ಆದರೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಆ ವಿಷ ಮಲಗಿರುತ್ತದೆ. ಚೀಲ ಬಿಚ್ಚಿ ಗಾಳಿ ತಾಗಿ, ನಮ್ಮ ಎಂಟರ ಪಿಎಚ್‌ನ ನೀರು ಬೀಳುತ್ತಿದ್ದಂತೆ ಎಚ್ಚರಗೊಳ್ಳುತ್ತದೆ. ಅಂಥ ಮೀನನ್ನು ಉಷ್ಣಾಂಶ ಮಾತ್ರ ಸರಿಹೊಂದಿಸಿ, ಬಲೆಯಲ್ಲಿ ಎತ್ತಿ, ಟಿಡಿಎಸ್ ಮೊದಲೇ ಆ ಚೀಲದ ಹತ್ತಿರಕ್ಕೆ ತಂದಿಟ್ಟ ಕ್ವಾರಂಟೈನ್ ತೊಟ್ಟಿಗೆ ಬಿಡಿ. ಕಳಿಸುವವರಿಗೆ ಹಿಂದಿನ ದಿನವೇ ಫೋನ್ ಮಾಡಿ ಅವರ ನೀರಿನ ಟಿಡಿಎಸ್ ಕೇಳಿಕೊಳ್ಳಿ. ಚೀಲದ ನೀರು ಎಂದೂ ನಿಮ್ಮ ತೊಟ್ಟಿ ಸೇರಬಾರದು.

ಕ್ವಾರಂಟೈನ್ 14ರಿಂದ 21 ದಿನ. ಮೈ ಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆ ಕಂಡರೆ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಏರೇಷನ್ ಹೆಚ್ಚಿಸಿ, ಲೀಟರ್‌ಗೆ 2 ಗ್ರಾಂ ಉಪ್ಪು ಹಾಕಿ. ಕೋರಿಡೋರಸ್, ಲೋಚ್ ತರಹದ ಮೀನಿಗೆ ಅರ್ಧ ಸಾಕು. ಚುಕ್ಕೆ ಮಾಯವಾಯಿತೆಂದು ಮೂರನೇ ದಿನಕ್ಕೇ ನಿಲ್ಲಿಸಿಬಿಡುವುದು ದೊಡ್ಡ ತಪ್ಪು. ಪರಾವಲಂಬಿ ಜೀವಿ ಮೀನಿನ ಮೈ ಬಿಟ್ಟು ತಳಕ್ಕೆ ಬಿದ್ದು ಅಲ್ಲಿ ನೂರಾರಾಗಿ ಹೆಚ್ಚುತ್ತಿರುತ್ತದೆ. ಎರಡು ವಾರ ಮುಂದುವರಿಸಿ.

ನೀವು ಕಳಿಸುವಾಗ ಮೀನಿಗೆ 24 ಗಂಟೆ ತಿಂಡಿ ನಿಲ್ಲಿಸಿ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ಎರಡು ಪದರದ ಚೀಲ, ಮೂಲೆಗಳಿಗೆ ರಬ್ಬರ್ ಬ್ಯಾಂಡ್, ಹೊರಗೆ ಥರ್ಮಾಕೋಲ್ ಪೆಟ್ಟಿಗೆ.

ಹಂತ 6: ಬೇಸಿಗೆ ಮತ್ತು ಕರೆಂಟಿಗೆ ಮುಂಚೆಯೇ ತಯಾರಾಗಿ

ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯ ನೀರು 32 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವುದು ಕಡಿಮೆ, ಮೀನಿಗೆ ಬೇಕಾಗುವುದು ಹೆಚ್ಚು. ಅದೇ ಹೊತ್ತಿಗೆ ಕರೆಂಟು ಹೋದರೆ ಒಂದೆರಡು ಗಂಟೆಯಲ್ಲಿ ದೊಡ್ಡ ಮೀನುಗಳೇ ಮೊದಲು ಹೋಗುತ್ತವೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿದರೆ 2ರಿಂದ 3 ಡಿಗ್ರಿ ಇಳಿಯುತ್ತದೆ. ಆದರೆ ನೀರು ಆವಿಯಾಗಿ ಲವಣ ಹಾಗೇ ಉಳಿಯುವುದರಿಂದ ಕಡಿಮೆಯಾದಷ್ಟನ್ನು ಬೋರ್ ನೀರಿನಿಂದ ತುಂಬಿಸಬೇಡಿ, ಆರ್‌ಒ ಅಥವಾ ಮಳೆ ನೀರು ಹಾಕಿ. ಐಸ್ ಗಡ್ಡೆ ಹಾಕುವುದು ಬೇಡ. ಬ್ಯಾಟರಿ ಏರ್ ಪಂಪ್ ಗಿರಾಕಿಗೊಂದು ಇರಲಿ. ಸಾಕಣೆ ಘಟಕಕ್ಕೆ ಒಂದೇ ಬ್ಲೋವರ್ (ಹಲವು ತೊಟ್ಟಿಗೆ ಗಾಳಿ ಊದುವ ಯಂತ್ರ) ಸಾಲದು, ಎರಡನೆಯದು ಇನ್ವರ್ಟರ್ ಮೇಲೆ ತಾನಾಗಿ ಚಾಲೂ ಆಗಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಲೀಟರ್‌ಗೆ 1 ವ್ಯಾಟ್ ಲೆಕ್ಕದಲ್ಲಿ ಹೀಟರ್ ಸಾಕು.

ಹಂತ 7: ಕಾಗದ ಪತ್ರ, ಸಹಾಯಧನ

ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಅಂಗಡಿ ತೆರೆಯುವುದಾದರೆ ಪಾಲಿಕೆ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ ಬೇಕು.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನಿಗೇ ಪ್ರತ್ಯೇಕ ಘಟಕಗಳಿವೆ. ಹಿತ್ತಲ ಘಟಕದ ವೆಚ್ಚ 3 ಲಕ್ಷ, ಮಧ್ಯಮ ಘಟಕದ್ದು 8 ಲಕ್ಷ, ಮರಿ ಉತ್ಪಾದನೆಯೂ ಸೇರಿದ ಸಮಗ್ರ ಸಿಹಿನೀರು ಘಟಕದ್ದು 25 ಲಕ್ಷ ಎಂದು ನಿಗದಿ ಮಾಡಲಾಗಿತ್ತು. ಇದರಲ್ಲಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರಕ್ಕೆ 60 ಸಹಾಯಧನ. ಈ ವರ್ಷ ಅನುದಾನ ಇದೆಯೇ, ನಿಯಮ ಬದಲಾಗಿದೆಯೇ ಎಂದು ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿದ ಮೇಲೆಯೇ ಲೆಕ್ಕ ಹಾಕಿ. ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ತೊಟ್ಟಿ ಕಟ್ಟಿಸಬೇಡಿ, ಪ್ರತಿ ಬಿಲ್ಲೂ ನಿಮ್ಮ ಹೆಸರಿನಲ್ಲೇ ಇರಲಿ. ಸಹಾಯಧನವನ್ನು ನಂಬಿ ಬಡ್ಡಿ ಸಾಲ ಮಾಡುವುದು ಬೇಡ. ಮೊದಲು ಖರ್ಚು ಮಾಡುವವರು ನೀವು, ದುಡ್ಡು ಬರುವುದು ಆಮೇಲೆ.

ತರಬೇತಿಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ಬೆಂಗಳೂರಿನ ಹೆಸರಘಟ್ಟದಲ್ಲಿ ಸಿಹಿನೀರು ಮೀನುಗಾರಿಕೆಯ ಸಂಶೋಧನಾ ಕೇಂದ್ರಗಳಿವೆ, ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ.

ಹಂತ 8: ಇನ್ನೂ ಓದುತ್ತಿರುವವರಾದರೆ

ಶಾಲೆ, ಕಾಲೇಜಿನ ವಯಸ್ಸಿನವರಿಗೆ ಬೇರೊಂದು ಬಾಗಿಲಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನಡೆಯುತ್ತಿದೆ. ಈಗ ಅದು ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಇದೆ. ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿ, ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ, ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಅರ್ಜಿಯ ಹೊತ್ತಿಗೇ ಮಾಡಿಸಿಟ್ಟುಕೊಳ್ಳಿ. ಪದವಿಯ ನಂತರ ಮೀನುಗಾರಿಕೆ ಇಲಾಖೆ, ಮೀನು ಮರಿ ಕೇಂದ್ರಗಳು, ಮೀನಿನ ಆಹಾರ ತಯಾರಿಸುವ ಕಂಪನಿಗಳು, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಮುಂದೆ ಓದುವವರಿಗೆ ಮುಂಬೈನ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇದೆ.

ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇರಲೇಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ತೆಗೆದುಕೊಂಡು, ಎರಡು ವರ್ಷದ ನಂತರ ಈ ಕೋರ್ಸಿನ ವಿಷಯ ಕೇಳಿಕೊಂಡು ಬರುವವರು ಪ್ರತಿ ವರ್ಷವೂ ಇದ್ದಾರೆ. ಹತ್ತನೇ ತರಗತಿಯಲ್ಲಿ ಓದುತ್ತಾ ಮನೆಯಲ್ಲಿ ತೊಟ್ಟಿ ಇಟ್ಟುಕೊಂಡಿರುವ ಮಕ್ಕಳಿದ್ದರೆ, ಕಾಂಬಿನೇಷನ್ ಅರ್ಜಿ ತುಂಬುವ ಮುಂಚೆಯೇ ಅವರ ಜೊತೆ ಕೂತು ಈ ಮಾತಾಡಿ.